ಮಿಲ್ಲಿಂಗ್ ಜಾಬ್ ಮೇಲೆ ಸ್ಟೆಪ್ ಏಕೆ ಬೀಳುತ್ತದೆ?

ಪ್ರಶ್ನೆ: ನಮ್ಮ ಶೆಡ್‌ನಲ್ಲಿ ಹಳೆಯ ಟರೆಟ್ ಮಿಲ್ಲಿಂಗ್ ಮಷೀನ್ ಇದೆ. 50 ಮಿ.ಮೀ. ಫೇಸ್ ಕಟರ್ ಹಾಕಿ, ಟೇಬಲ್ ಉದ್ದಕ್ಕೆ ಓಡಿಸಿ, ಪ್ರತಿ ಪಾಸ್‌ಗೆ 40 ಮಿ.ಮೀ. ಅಡ್ಡ ಸರಿಸುತ್ತೇವೆ. ಪಾಸ್‌ಗಳು ಕೂಡುವಲ್ಲಿ ಜಾಬ್ (ಕಟ್ ಮಾಡುವ ಲೋಹದ ತುಂಡು) ಮೇಲೆ ಉಗುರಿಗೆ ತಾಗುವ ಸ್ಟೆಪ್, ಸುಮಾರು 0.04 ಮಿ.ಮೀ. ಜಾಬ್ ಹಿಡಿಯುವ ವೈಸನ್ನು ಡಯಲ್ ಗೇಜ್ ಇಟ್ಟು ನೇರ ಮಾಡಿದ್ದೇವೆ. ತಪ್ಪು ಎಲ್ಲಿದೆ?
– ಓದುಗರೊಬ್ಬರು, ಪೀಣ್ಯ

ಉತ್ತರ: ಇದು ವೈಸಿನ ತಪ್ಪಲ್ಲ, ಹೆಡ್ (ಕಟರ್ ತಿರುಗಿಸುವ ಸ್ಪಿಂಡಲ್ ಇರುವ ಮೇಲಿನ ಭಾಗ) ಮುಂದಕ್ಕೋ ಹಿಂದಕ್ಕೋ ಬಾಗಿದೆ. ಉದ್ದಕ್ಕೆ ಫೀಡ್ ಕೊಟ್ಟಾಗ ಎಡ–ಬಲ ವಾಲಿದ್ದರೆ ಪ್ರತಿ ಪಾಸಿನ ನಡುಭಾಗ ತಗ್ಗಾಗುತ್ತದೆ. ಮುಂದೆ–ಹಿಂದೆ ವಾಲಿದ್ದರೆ ಸ್ಟೆಪ್ ಬೀಳುತ್ತದೆ. 40 ಮಿ.ಮೀ.ಗೆ 0.04 ಎಂದರೆ 200 ಮಿ.ಮೀ. ವ್ಯಾಸದ ಸುತ್ತಿನಲ್ಲಿ 0.2 ಮಿ.ಮೀ. ವ್ಯತ್ಯಾಸ. ಅಷ್ಟನ್ನು ಬಿಟ್ಟುಕೊಂಡು ಕೆಲಸ ಮಾಡಬಾರದು. 0.02ರ ಒಳಗೆ ತನ್ನಿ.

ಮೊದಲು ಟೇಬಲ್ ಒರೆಸಿ, ಎದ್ದ ಕಚ್ಚುಗಳನ್ನು ಎಣ್ಣೆಕಲ್ಲಿನಿಂದ ತೆಗೆಯಿರಿ. ನೀ (ಟೇಬಲನ್ನು ಏರಿಸಿ ಇಳಿಸುವ ಭಾಗ), ಸ್ಯಾಡಲ್ (ಅದರ ಮೇಲೆ ಟೇಬಲನ್ನು ಅಡ್ಡ ಸರಿಸುವ ಭಾಗ) ಎರಡನ್ನೂ ಲಾಕ್ ಮಾಡಿ. ಲಾಕ್ ಮಾಡಿದಾಗಲೇ ಡಯಲ್ ರೀಡಿಂಗ್ ಹಾರಿದರೆ ಜಿಬ್ (ಜಾರುವ ಭಾಗಗಳ ನಡುವಿನ ಸಡಿಲ ತೆಗೆಯುವ ಪಟ್ಟಿ) ಸಡಿಲವಿದೆ, ಅದನ್ನು ಸರಿಪಡಿಸದೆ ಹೆಡ್ ಮುಟ್ಟಬೇಡಿ. ಮೇನ್ ಸ್ವಿಚ್ ಆಫ್ ಮಾಡಿ, ಸ್ಪಿಂಡಲ್ ನ್ಯೂಟ್ರಲ್‌ಗೆ ತಂದು, ಅದಕ್ಕೆ 0.01ರ ಲಿವರ್ ಡಯಲ್ ಕಟ್ಟಿ ಕೈಯಲ್ಲಿ ತಿರುಗಿಸಿ. ಟೇಬಲಿನ ಟಿ-ಸ್ಲಾಟ್ ಗಾಡಿಗಳಿಗೆ ಡಯಲ್ ಬೀಳದಂತೆ ದೊಡ್ಡ ಬೇರಿಂಗಿನ ಹೊರ ರಿಂಗನ್ನು ಟೇಬಲ್ ಮೇಲಿಟ್ಟು ಅದರ ಮೇಲೆ ಓಡಿಸಿದರೆ ಕೆಲಸ ಹಗುರ.

ಕ್ಲ್ಯಾಂಪ್ ನಟ್‌ಗಳನ್ನು ಹಿಡಿತ ಉಳಿಯುವಷ್ಟೇ ಸಡಿಲಿಸಿ. ಪೂರ್ತಿ ಬಿಟ್ಟರೆ ಹೆಡ್ ಭಾರಕ್ಕೆ ಒಮ್ಮೆಲೇ ಕೆಳಗೆ ಬಾಗುತ್ತದೆ, ಕೈ ಸಿಕ್ಕೀತು. ಎಡ–ಬಲಕ್ಕೆ ಲೆಕ್ಕ ಸುಲಭ: ಎಡದಲ್ಲಿ ಸೊನ್ನೆ ಮಾಡಿ, ಬಲದಲ್ಲಿ 0.08 ತೋರಿಸಿದರೆ ಅದು 0.04ಕ್ಕೆ ಇಳಿಯುವಷ್ಟು ಹೆಡ್ ತಿರುಗಿಸಿ. ಆದರೆ ನಿಮಗೆ ಬೇಕಾದ ಮುಂದೆ–ಹಿಂದೆ ಹೊಂದಾಣಿಕೆಗೆ ಈ ಅರ್ಧದ ಲೆಕ್ಕ ನಡೆಯುವುದಿಲ್ಲ. ಹೆಡ್ ಬಾಗುವ ಪಿವೋಟ್ ಸ್ಪಿಂಡಲ್‌ಗಿಂತ ಹಿಂದಿರುವುದರಿಂದ ಎರಡು ರೀಡಿಂಗ್‌ಗಳೂ ಒಂದೇ ಕಡೆಗೆ ಸರಿಯುತ್ತವೆ, ಮುಂದಿನದು ಹೆಚ್ಚು. ಹೆಡ್ ಬಾಗಿಸುವ ಸ್ಕ್ರೂ ಸ್ವಲ್ಪ ತಿರುಗಿಸುವುದು, ಎರಡೂ ಕಡೆ ಓದುವುದು, ಮತ್ತೆ ತಿರುಗಿಸುವುದು, ಇದೊಂದೇ ದಾರಿ.

ಬಹಳಷ್ಟು ಜನ ಸೋಲುವುದು ಕೊನೆಯ ಹಂತದಲ್ಲಿ. ಸೊನ್ನೆ ಬಂದಿತೆಂದು ಒಂದು ನಟ್ಟನ್ನು ಜಗ್ಗಿ ಬಿಗಿದರೆ ಹೆಡ್ ಮತ್ತೆ ಸರಿಯುತ್ತದೆ. ಎದುರುಬದುರು ನಟ್‌ಗಳನ್ನು ಎರಡು–ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಪ್ರತಿ ಸುತ್ತಿಗೂ ಡಯಲ್ ನೋಡಿ. ಮುಂದೆ–ಹಿಂದೆ ಮುಗಿದ ಮೇಲೆ ಎಡ–ಬಲವನ್ನು ಇನ್ನೊಮ್ಮೆ ಪರೀಕ್ಷಿಸಿ. ಜಾಬ್ ಮೇಲೆ ಕಟರ್ ಗೀರುಗಳು ಎರಡೂ ದಿಕ್ಕಿಗೆ ಹಾಯ್ದು ಹೆಣೆದಂತೆ ಕಂಡರೆ ಫೀಡಿನ ದಿಕ್ಕಿನಲ್ಲಿ ಹೆಡ್ ನೇರ ಕೂತಿದೆ.

ಪ್ರಶ್ನೆ: ಹೆಡ್, ವೈಸ್ ಎರಡೂ ಸರಿಯಿದ್ದರೂ ಬ್ಲಾಕಿನ ಮಗ್ಗುಲುಗಳು ಮೂಲೆಮಟ್ಟಕ್ಕೆ ಕೂರುತ್ತಿಲ್ಲ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬಿಗಿಯುವಾಗ ವೈಸಿನ ಚಲಿಸುವ ಜಾ (ದವಡೆ) ಮೇಲೇಳುತ್ತದೆ, ಜೊತೆಗೆ ಜಾಬನ್ನೂ ಎತ್ತುತ್ತದೆ. ಮಿಲ್ ಮಾಡಿದ ಮುಖವನ್ನು ಸ್ಥಿರ ಜಾದ ಮೈಗೆ ಒತ್ತಿ, ಚಲಿಸುವ ಜಾ ಮತ್ತು ಜಾಬ್ ನಡುವೆ, ಹಿಡಿತದ ಅರ್ಧ ಎತ್ತರಕ್ಕೆ ಒಂದು ದುಂಡು ರಾಡ್ ಅಡ್ಡಲಾಗಿ ಇಟ್ಟು ಬಿಗಿಯಿರಿ. ಆಗಲೂ ಸರಿಯಾಗದಿದ್ದರೆ ಸ್ಥಿರ ಜಾದ ಮುಖಕ್ಕೆ ಡಯಲ್ ಇಟ್ಟು ನೀ ಏರಿಸಿ ಇಳಿಸಿ ನೋಡಿ. ಜಾ ವಾಲಿದ್ದರೆ ಅದರ ಹಿಂದೆ ತೆಳು ಶಿಮ್ (ಲೋಹದ ಹಾಳೆ) ಕೊಡಬೇಕು.