ಕಿಡ್ನಿ ಕಸಿಯನ್ನು ದೇಹ ತಿರಸ್ಕರಿಸುತ್ತಿದೆಯೇ ಎಂದು ಮೂತ್ರ ಪರೀಕ್ಷೆಯಿಂದ ತಿಳಿಯಬಹುದೇ? ಬಯಾಪ್ಸಿಗಾಗಿ ಹಾಸನದಿಂದ ಬೆಂಗಳೂರಿಗೆ ಹೋಗುವುದು ತಪ್ಪುತ್ತದೆಯೇ?

ಸುಳಿವು ಸಿಗುತ್ತದೆ. ಖಚಿತಪಡಿಸಲು ಬಯಾಪ್ಸಿಯೇ ಬೇಕು.

ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಏರುವ ಹೊತ್ತಿಗೆ ಹೊಸ ಕಿಡ್ನಿಗೆ ಪೆಟ್ಟು ಬಿದ್ದಾಗಿರುತ್ತದೆ. ಅದಕ್ಕೂ ಮುಂಚೆಯೇ ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಪ್ರೋಟೀನ್ ಬಿಡುತ್ತವೆ; ಅದರಿಂದ ಕೆರಳಿದ ಕಿಡ್ನಿಯ ಕೋಶಗಳು ಸಿಎಕ್ಸ್‌ಸಿಎಲ್9, ಸಿಎಕ್ಸ್‌ಸಿಎಲ್10 ಎಂಬ, ರೋಗನಿರೋಧಕ ಕೋಶಗಳನ್ನು ಸೆಳೆಯುವ ಕೀಮೋಕೈನ್‌ಗಳನ್ನು ಸ್ರವಿಸುತ್ತವೆ. ಇವುಗಳ ಸೆಳೆತಕ್ಕೆ ಸಿಎಕ್ಸ್‌ಸಿಆರ್3 ಗ್ರಾಹಕವಿರುವ ಇನ್ನಷ್ಟು ಟಿ ಕೋಶಗಳು ಬಂದು ಸೇರುತ್ತವೆ. ಈ ಅಣುಗಳು ಮೂತ್ರಕ್ಕೂ ಇಳಿಯುತ್ತವೆ. ಹೆಚ್ಚು ನೀರು ಕುಡಿದಾಗ ಮೂತ್ರ ತೆಳುವಾಗುವುದರಿಂದ ಅವನ್ನು ಮೂತ್ರದ ಕ್ರಿಯಾಟಿನಿನ್‌ಗೆ ಹೋಲಿಸಿ ಅನುಪಾತದಲ್ಲಿ ಹೇಳುತ್ತಾರೆ.

ತೊಡಕೆಂದರೆ, ಇವು ಉರಿಯೂತದ ಗುರುತುಗಳು. ಮೂತ್ರದ ಸೋಂಕು ಅಥವಾ ಕಸಿ ಕಿಡ್ನಿಯನ್ನು ಕಾಡುವ ಬಿಕೆ ವೈರಸ್ ಇದ್ದರೂ ಏರುತ್ತವೆ. ಇದು ಸಣ್ಣ ಗೊಂದಲವಲ್ಲ: ತಿರಸ್ಕಾರವಾದರೆ ಸ್ಟೀರಾಯ್ಡ್ ಕೊಟ್ಟು ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ತಗ್ಗಿಸಬೇಕು, ಬಿಕೆ ವೈರಸ್ಸಾದರೆ ಆ ಶಕ್ತಿಯನ್ನು ತಗ್ಗಿಸುವ ಔಷಧಿಗಳನ್ನೇ ಕಡಿಮೆ ಮಾಡಬೇಕು. ಹಾಗಾಗಿ ಸೋಂಕು ಪತ್ತೆಹಚ್ಚುವ ಮೂತ್ರದ ಕಲ್ಚರ್, ವೈರಸ್ ಪತ್ತೆಹಚ್ಚುವ ರಕ್ತದ ಬಿಕೆ ಪಿಸಿಆರ್ ಜೊತೆಗಿಟ್ಟೇ ಓದಬೇಕು. ನನ್ನ ಪ್ರಕಾರ ಇವುಗಳ ಮಟ್ಟ ಕಡಿಮೆ ಬಂದಾಗಲೇ ಉಪಯೋಗ ಹೆಚ್ಚು: ಆಗ ತಿರಸ್ಕಾರದ ಸಂಭವ ಕಡಿಮೆ.

ಇದಿನ್ನೂ ಎಲ್ಲೆಡೆ ಮಾಡುವ ಪರೀಕ್ಷೆಯಲ್ಲ. ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್‌ಗಳನ್ನು ಹಾಸನದಲ್ಲೇ, ಪ್ರತಿ ಸಲವೂ ಒಂದೇ ಲ್ಯಾಬಿನಲ್ಲಿ ಮಾಡಿಸಿ. ತಿರಸ್ಕಾರ ತಡೆಯುವ ಟ್ಯಾಕ್ರೊಲಿಮಸ್ ಮಾತ್ರೆಯನ್ನು ದಿನಕ್ಕೆರಡು ಸಲ ತೆಗೆದುಕೊಳ್ಳುವವರು ಅದರ ಮಟ್ಟ ನೋಡಲು ರಾತ್ರಿಯ ಮಾತ್ರೆಯಾಗಿ 12 ಗಂಟೆಗೆ, ಬೆಳಗಿನ ಮಾತ್ರೆಗೆ ಮುಂಚೆ ರಕ್ತ ಕೊಡಬೇಕು. ಬೆಂಗಳೂರಿನ ಬಸ್ಸು ಹತ್ತುವ ಮೊದಲೇ ಮಾತ್ರೆ ನುಂಗಿದರೆ ಮಟ್ಟ ಸುಳ್ಳೇ ಹೆಚ್ಚು ಕಾಣುತ್ತದೆ. ಅದನ್ನು ನಂಬಿ ಡೋಸ್ ಇಳಿಸಿದರೆ ತಿರಸ್ಕಾರಕ್ಕೆ ದಾರಿಯಾಗುತ್ತದೆ.