ಪ್ರತಿಕ್ರಿಯೆ: ದೇವರಾಯನದುರ್ಗದ ಕೋತಿಗಳ ಮಲದಿಂದ ಡಿಎನ್‌ಎ ಸಿಗುತ್ತಿಲ್ಲ

ಕೋತಿ ಮಲವನ್ನು ಜಿಪ್‌ಲಾಕ್ ಕವರಿನಲ್ಲಿ ತಂದು, ಡಿಎನ್‌ಎ ತೆಗೆಯುವ ಕಿಟ್ ಬಳಸಿದರೂ ಏನೂ ಸಿಗುತ್ತಿಲ್ಲ ಅಂದಿದ್ದೀರಿ. ತೊಂದರೆ ಕಿಟ್‌ನದಲ್ಲ, ಬಹುಶಃ ಆ ಕವರಿನದು. ನಾಮದ ಚಿಲುಮೆಯಿಂದ ತುಮಕೂರಿನ ಫ್ರಿಜ್ ಸೇರುವಷ್ಟರಲ್ಲಿ ಹಸಿ ಮಲ ಒಳಗೇ ಬೆವೆತು, ಡಿಎನ್‌ಎ ಚೂರುಚೂರಾಗಿರುತ್ತದೆ. ನನ್ನ ಸ್ಯಾಂಪಲ್‌ಗಳೂ ಹೀಗೇ ಹಾಳಾಗಿದ್ದವು.

ಕಾಡು ಚಿಂಪಾಂಜಿಗಳಿಗೆ ಬಳಸುವ ವಿಧಾನವನ್ನೇ ಮಾಡಿ. ಕೋತಿ ಹಾಕಿದ ಕೂಡಲೇ ಹೊರಮೈಯಿಂದ ಸುಮಾರು 5 ಗ್ರಾಂ ತೆಗೆಯಿರಿ. ಕರುಳಿನ ಕೋಶಗಳು ಅಂಟಿರುವುದು ಆ ಮಿರುಗುವ ಲೋಳೆಯಲ್ಲಿ, ಒಳಗಿನ ಬೀಜ, ನಾರಿನಲ್ಲಲ್ಲ. 30 ಮಿಲೀ ಶುದ್ಧ ಎಥನಾಲ್‌ನಲ್ಲಿ ಒಂದು ದಿನ ಇಡಿ. ಆಮೇಲೆ ಎಥನಾಲ್ ಬಸಿದು, ಉಳಿದದ್ದನ್ನು ಸಿಲಿಕಾ ಹರಳುಗಳ ಮೇಲೆ ಹಾಕಿ ಒಣಗಿಸಿ. ಹರಳಿನ ಬಣ್ಣ ಬದಲಾದರೆ ಬೇರೆ ಹಾಕಿ.

ಆಗಲೂ ಜೆಲ್‌ನಲ್ಲಿ ಬ್ಯಾಂಡ್ (ಡಿಎನ್‌ಎ ಇದೆ ಅಂತ ತೋರಿಸುವ ಪಟ್ಟಿ) ಬರದಿದ್ದರೆ ಡಿಎನ್‌ಎಯನ್ನು 10 ಪಟ್ಟು ತೆಳು ಮಾಡಿ ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ನಡೆಸಿ. ಎಲೆ, ಹಣ್ಣಿನ ಅಂಶ ಅಡ್ಡ ಬಂದಿದ್ದರೆ ಇದರಿಂದ ಸರಿಹೋಗಬಹುದು. ಜೆಲ್ ಫೋಟೊ ನೋಡದೆ ಯಾವ ಕಾರಣ ಅಂತ ಖಚಿತವಾಗಿ ಹೇಳಲಾರೆ.

ದಯವಿಟ್ಟು ಮೈಟೊಕಾಂಡ್ರಿಯಾದ (ಕೋಶದೊಳಗೆ ಶಕ್ತಿ ತಯಾರಿಸುವ ಭಾಗ) ಡಿಎನ್‌ಎ ಒಂದನ್ನೇ ನೋಡಿ ಕೋತಿ ಗುಂಪುಗಳ ನಡುವೆ ಸಂಪರ್ಕ ಇಲ್ಲ ಅಂದುಬಿಡಬೇಡಿ. ಅದು ಬರುವುದು ತಾಯಿಯಿಂದ ಮಾತ್ರ ಅಲ್ವಾ? ಚಿಂಪಾಂಜಿಗಳಲ್ಲಿ ಗುಂಪು ಬಿಟ್ಟು ಹೋಗುವುದು ಜಾಸ್ತಿ ಹೆಣ್ಣು; ನಮ್ಮ ಕೋತಿಗಳಲ್ಲಿ ಗಂಡು. ಬೇರೆ ಗುಂಪಿಗೆ ಹೋದ ಗಂಡಿನ ಗುರುತು ಅದರ ಮರಿಗಳ ಮೈಟೊಕಾಂಡ್ರಿಯಾದಲ್ಲಿ ಉಳಿಯುವುದಿಲ್ಲ. ಮೈಕ್ರೊಸ್ಯಾಟಲೈಟ್‌ಗಳನ್ನೂ (ತಂದೆ, ತಾಯಿ ಇಬ್ಬರಿಂದಲೂ ಬರುವ, ಒಂದೇ ಅಕ್ಷರಗುಚ್ಛ ಮತ್ತೆ ಮತ್ತೆ ಬರುವ ಡಿಎನ್‌ಎ ಭಾಗಗಳು) ಸೇರಿಸಿ. ಒಂದೇ ಅಲೀಲ್ (ಆ ಭಾಗದ ಒಂದು ರೂಪ) ಕಂಡಲ್ಲಿ ಕನಿಷ್ಠ 3 ಸಲ ಮತ್ತೆ ಪರೀಕ್ಷಿಸಿ. ಇನ್ನೊಂದು ಅಲೀಲ್ ತಪ್ಪಿಹೋಗಿದ್ದರೆ ವೈವಿಧ್ಯ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.