ಭಿಕ್ಷುಕರ ಸೆಸ್ ಕಟ್ಟುವವರು ನಾವು, ಸೂರು ಸಿಗುವುದು ಯಾರಿಗೆ?

ಬೀದಿಯಲ್ಲಿ ಮಲಗುವವರಿಗೆ ಸೂರು ಒದಗಿಸುವ ಖರ್ಚನ್ನು ಸ್ಥಳೀಯ ಸಂಸ್ಥೆಗಳು ಸೇರಿ ಭರಿಸುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ವಾರ ನಗರಾಡಳಿತ ಮತ್ತು ವಸತಿ ವಿಷಯದ ತಜ್ಞರು ಉತ್ತರಿಸಿದ್ದಾರೆ.

ಪ್ರಶ್ನೆ: ನಾಗರಬಾವಿಯಲ್ಲಿ ನಮ್ಮದೊಂದು ಸ್ವಂತ ಮನೆ ಇದೆ. ಆಸ್ತಿ ತೆರಿಗೆ ಜೊತೆ ಪ್ರತಿ ವರ್ಷ ‘ಸೆಸ್’ ಅಂತ ಒಂದಷ್ಟು ಕಟ್ಟುತ್ತೇವೆ. ಅದರಲ್ಲಿ ಭಿಕ್ಷುಕರ ಹೆಸರಿನದೂ ಇದೆ ಎಂದು ಮೊನ್ನೆ ಗೊತ್ತಾಯಿತು. ಹಾಗಿದ್ದ ಮೇಲೆ ಫ್ಲೈಓವರ್ ಕೆಳಗೆ ಜನ ಇನ್ನೂ ಯಾಕೆ ಮಲಗುತ್ತಿದ್ದಾರೆ? — ಓದುಗರು, ಬೆಂಗಳೂರು

ತೆರಿಗೆ ರಸೀದಿ ಕೈಗೆ ಬಂದರೆ ಎಲ್ಲರ ಕಣ್ಣೂ ಕೊನೆಯ ಮೊತ್ತದ ಮೇಲೇ ಇರುತ್ತದೆ. ಹಾಗಾಗಿ ಈ ಸೆಸ್ ಕಟ್ಟುತ್ತಿರುವುದೇ ಬಹಳ ಜನರಿಗೆ ತಿಳಿದಿಲ್ಲ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ನಡೆದು ಬಂದ ಶೇ 24ರ ಸೆಸ್ ಬಿಡಿಸಿ ನೋಡಿದರೆ ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪರಿಹಾರಕ್ಕೆ 3. ಆಮೇಲೆ ನಗರ ಸಾರಿಗೆಯ 2 ಸೇರಿಕೊಂಡಿತು. ನಿಮ್ಮ ಮೂಲ ತೆರಿಗೆ 10,000 ರೂಪಾಯಿ ಆಗಿದ್ದರೆ ಅದರ ಮೇಲೆ 300 ರೂಪಾಯಿ ಭಿಕ್ಷುಕರ ಹೆಸರಿನಲ್ಲಿ ಹೋಗಿದೆ.

ಇದು ಬೆಂಗಳೂರಿಗಷ್ಟೇ ಸೀಮಿತವಲ್ಲ. ಭಿಕ್ಷಾಟನೆ ನಿಷೇಧಕ್ಕೆಂದು ಮೈಸೂರು ಸಂಸ್ಥಾನ 1944ರಲ್ಲೇ ಕಾಯ್ದೆ ಮಾಡಿತ್ತು. ಅದರ ಜಾಗಕ್ಕೆ ಬಂದದ್ದು 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ. ಇದರ ಪ್ರಕಾರ ರಾಜ್ಯದ ಸ್ಥಳೀಯ ಸಂಸ್ಥೆಗಳು ಈ ಶೇ 3ನ್ನು ವಸೂಲಿ ಮಾಡಿ, ರಾಜ್ಯ ಮಟ್ಟದಲ್ಲಿರುವ ‘ಕೇಂದ್ರ ಪರಿಹಾರ ಸಮಿತಿ’ಗೆ ಕಟ್ಟಬೇಕು. ಆ ಹಣದಲ್ಲಿ ಸಮಿತಿ ನಿರಾಶ್ರಿತರ ಪರಿಹಾರ ಕೇಂದ್ರಗಳನ್ನು ನಡೆಸಬೇಕು. ಮಾಗಡಿ ರಸ್ತೆಯಲ್ಲಿ ಬಸ್ ಕಂಡಕ್ಟರ್ ‘ಬೆಗ್ಗರ್ಸ್ ಕಾಲೊನಿ’ ಎಂದು ಕೂಗುವುದು ಇಂಥದ್ದೇ ಒಂದು ಕೇಂದ್ರವನ್ನು. ಊರೂರಿನ ಪಾಲಿಕೆ, ಪುರಸಭೆಗಳು ಸೇರಿ ಸೂರಿಲ್ಲದವರಿಗಾಗಿ ಒಂದೇ ಗಂಟಿಗೆ ಹಣ ಹಾಕುವುದನ್ನು ಅಮೆರಿಕದಲ್ಲಿ ಈಗ ಹೊಸ ಪ್ರಯೋಗ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಕಾಯ್ದೆಯಾಗಿ ಐವತ್ತು ವರ್ಷವಾಯಿತು.

ಎಡವಿದ್ದು ಎರಡು ಕಡೆ. ಮೊದಲನೆಯದು ವರ್ಗಾವಣೆ. ಜನರಿಂದ ವಸೂಲಾದ ಸೆಸ್ಸನ್ನು ಸ್ಥಳೀಯ ಸಂಸ್ಥೆಗಳು ಬೇರೆ ಖರ್ಚಿಗೆ ತಿರುಗಿಸಿಕೊಂಡು ಸಮಿತಿಗೆ ಬಾಕಿ ಉಳಿಸಿಕೊಳ್ಳುವುದು ಹಳೆಯ ರೋಗ. ಸಂಬಳ, ಗುತ್ತಿಗೆದಾರರ ಬಿಲ್ಲು, ಕರೆಂಟ್ ಬಿಲ್ಲು ಎಲ್ಲ ಕಳೆದು ಉಳಿದರೆ ಭಿಕ್ಷುಕರ ಸೆಸ್ಸಿನ ಸರದಿ ಬರುತ್ತದೆ. ಬಾಕಿ ಕೇಳಲು ಪಾಲಿಕೆ ಕಚೇರಿಗೆ ಬಂದು ಗಲಾಟೆ ಮಾಡುವ ಸಾಲ ಕೊಟ್ಟವರು ಇಲ್ಲಿ ಯಾರೂ ಇಲ್ಲವಲ್ಲ.

ಎರಡನೆಯದು ಇದಕ್ಕಿಂತ ಆಳದ್ದು. ಕಾಯ್ದೆಯ ಉದ್ದೇಶ ಭಿಕ್ಷೆ ನಿಲ್ಲಿಸುವುದು, ಮನೆ ಕೊಡುವುದಲ್ಲ. ಬೇಡುತ್ತಿದ್ದವರನ್ನು ಹಿಡಿದು ತಂದು ಕೇಂದ್ರದಲ್ಲಿ ಇರಿಸಿಕೊಳ್ಳಲು ಅದು ಅಧಿಕಾರ ಕೊಡುತ್ತದೆ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಾಗ ರಾಜ್ಯವೇ ಬೆಚ್ಚಿಬಿತ್ತು. ದೆಹಲಿಗೆ ಅನ್ವಯಿಸುತ್ತಿದ್ದ ಇಂಥದ್ದೇ ಕಾಯ್ದೆಯ ಮುಖ್ಯ ಕಲಮುಗಳನ್ನು ಅಲ್ಲಿನ ಹೈಕೋರ್ಟ್ 2018ರಲ್ಲಿ ರದ್ದು ಮಾಡಿದೆ. ಬಡತನವನ್ನು ಅಪರಾಧವೆಂದು ನೋಡುವ ಕಾಯ್ದೆಯ ಕೈಗೆ ದುಡ್ಡು ಕೊಟ್ಟು ಅದರಿಂದ ವಸತಿ ಸೇವೆ ಬಯಸಿದರೆ ಸಿಗುವುದು ಹೇಗೆ?

ಇಷ್ಟಕ್ಕೂ ಫ್ಲೈಓವರ್ ಕೆಳಗೆ ಮಲಗುವವರಲ್ಲಿ ಬಹಳ ಮಂದಿ ಬೇಡುವವರೇ ಅಲ್ಲ. ಕ್ಯಾಟರಿಂಗ್ ಕೆಲಸದವನೊಬ್ಬನನ್ನೇ ನೋಡಿ. ಮದುವೆ ಛತ್ರದಲ್ಲಿ ಬಡಿಸಿ, ಪಾತ್ರೆ ತೊಳೆದು, ಟೆಂಪೊದಲ್ಲಿ ವಾಪಸ್ ಬರುವಾಗ ರಾತ್ರಿ ಒಂದೋ ಎರಡೋ ಗಂಟೆ. ರಾತ್ರಿ ಹತ್ತಕ್ಕೆ ಬಾಗಿಲು ಹಾಕುವ ತಂಗುದಾಣದಿಂದ ಆತನಿಗೆ ಏನು ಪ್ರಯೋಜನ? ಆಧಾರ್ ಕಾರ್ಡ್ ರಾಯಚೂರಿನ ಮನೆಯಲ್ಲಿದೆ, ಇದ್ದ ಇನ್ನೊಂದು ಗುರುತಿನ ಚೀಟಿ ಮಲಗಿದ್ದಾಗ ಬ್ಯಾಗಿನ ಜೊತೆಗೇ ಹೋಗಿದೆ. ಮಾರ್ಕೆಟ್ಟಿನ ಮುಚ್ಚಿದ ಶಟರ್ ಮುಂದೆ ರಟ್ಟು ಹಾಸಿಕೊಳ್ಳುತ್ತಾನೆ. ಬೆಳಿಗ್ಗೆ ಮೇಸ್ತ್ರಿ ಕೂಗಿದರೆ ಕೇಳಿಸುವ ದೂರದಲ್ಲಿರುವುದು ಆತನಿಗೆ ಮುಖ್ಯ.

ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ, ದಿನವಿಡೀ ತೆರೆದಿರುವ ಆಶ್ರಯ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಕೇಂದ್ರ, ರಾಜ್ಯಗಳು 60:40 ಲೆಕ್ಕದಲ್ಲಿ ಹಣ ಹಂಚಿಕೊಂಡು ಇಂಥ ಕೇಂದ್ರಗಳಿಗೆ ಅನುದಾನ ಕೊಟ್ಟವು. ಆದರೆ ಸೆಸ್ಸಿನ ಹಣ ಸಮಾಜ ಕಲ್ಯಾಣದ ಕಡೆ, ಆಶ್ರಯ ಕೇಂದ್ರದ ಹಣ ನಗರಾಡಳಿತದ ಕಡೆ. ಎರಡೂ ಒಂದೇ ಮನುಷ್ಯನಿಗಾಗಿ ಇರುವಾಗ ಹೀಗೆ ಬೇರೆ ಬೇರೆ ಕಡತದಲ್ಲಿ ಇಟ್ಟಿರುವುದು ಸರಿಯಲ್ಲ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿನಲ್ಲಿ ಒಂದರ ಬದಲು ಐದು ಪಾಲಿಕೆಗಳಾಗಿವೆ. ಮೆಜೆಸ್ಟಿಕ್, ಕೆ.ಆರ್. ಮಾರ್ಕೆಟ್ ಸುತ್ತ ಮಲಗುವವರ ಖರ್ಚು ಯಾವುದೋ ಒಂದು ಪಾಲಿಕೆಯ ತಲೆಗೆ ಬಿದ್ದರೆ ಉಳಿದವು ಕೈ ತೊಳೆದುಕೊಳ್ಳುತ್ತವೆ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮಟ್ಟದಲ್ಲಿ ಐದೂ ಪಾಲಿಕೆಗಳ ಪಾಲನ್ನು ಈಗಲೇ ಲಿಖಿತವಾಗಿ ನಿಗದಿ ಮಾಡಬೇಕು ಎಂಬುದು ನನ್ನ ಒತ್ತಾಯ.

ಪ್ರಶ್ನೆ: ನಾನು ಭದ್ರಾವತಿ ನಗರಸಭೆಯ ಮಾಜಿ ಸದಸ್ಯ. ನಮ್ಮ ನಗರಸಭೆ, ಪಕ್ಕದ ಶಿವಮೊಗ್ಗ ಪಾಲಿಕೆ ಸೇರಿ ಒಂದೇ ಆಶ್ರಯ ಕೇಂದ್ರ ನಡೆಸಿದರೆ ಖರ್ಚು ಉಳಿಯುವುದಿಲ್ಲವೇ? — ಓದುಗರು, ಭದ್ರಾವತಿ

ಖರ್ಚೇನೋ ಉಳಿಯುತ್ತದೆ, ಜನ ಬರುವುದಿಲ್ಲ. ಭದ್ರಾವತಿ ರೈಲು ನಿಲ್ದಾಣದ ಹತ್ತಿರ ಮಲಗುವವರು ಬಸ್ ಚಾರ್ಜು ಕೊಟ್ಟು ಶಿವಮೊಗ್ಗಕ್ಕೆ ಮಲಗಲು ಹೋಗುತ್ತಾರೆಯೇ? ಮಲಗುವ ಜಾಗ ಆಯಾ ಊರಿನಲ್ಲೇ ಇರಲಿ, ಚಿಕ್ಕದಾದರೂ ಚಿಂತೆಯಿಲ್ಲ.

ಹಂಚಿಕೊಳ್ಳಬೇಕಾದ ಸೇವೆಗಳು ಬೇರೆ ಇವೆ. ವಾರಕ್ಕೊಮ್ಮೆ ಬರುವ ಮನೋವೈದ್ಯರು, ರಾತ್ರಿ ಸುತ್ತಾಡಿ ಜನರನ್ನು ಮಾತಾಡಿಸುವ ತಂಡಕ್ಕೆ ಒಂದು ವಾಹನ, ಕುಡಿತ ಬಿಡಿಸುವ ಚಿಕಿತ್ಸೆ, ಆಧಾರ್, ಪಿಂಚಣಿ, ರೇಷನ್ ಕಾರ್ಡ್ ಮಾಡಿಸಿಕೊಡಲು ಒಬ್ಬ ಸಿಬ್ಬಂದಿ. ಇವನ್ನೆಲ್ಲ ಒಂದು ಸಣ್ಣ ನಗರಸಭೆ ಒಂಟಿಯಾಗಿ ನಡೆಸಲಾರದು. ಎರಡು ಮೂರು ಊರು ಸೇರಿದರೆ ಆದೀತು.

ಹಣಕ್ಕೆ ದಾರಿ ನಿಮಗೇ ಗೊತ್ತಿದೆ. ಬಜೆಟ್ಟಿನಲ್ಲಿ ಪರಿಶಿಷ್ಟರಿಗೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಮೀಸಲಿಡುತ್ತೀರಿ. ಬೀದಿಯಲ್ಲಿರುವವರು ಈ ಮೂರರಲ್ಲಿ ಒಂದಲ್ಲ ಒಂದು ಗುಂಪಿಗೆ ಬಹುತೇಕ ಸೇರಿಯೇ ಇರುತ್ತಾರೆ. ವರ್ಷದ ಕೊನೆಗೆ ಮಾರ್ಚ್ ತಿಂಗಳಲ್ಲಿ ಆತುರಾತುರವಾಗಿ ಹೊಲಿಗೆ ಯಂತ್ರ ಹಂಚುವುದಕ್ಕಿಂತ ಇದು ವಾಸಿ. ಎರಡು ಸಂಸ್ಥೆಗಳ ನಡುವೆ ಸಮನ್ವಯಕ್ಕೆ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶ ಇದ್ದೇ ಇದೆ.

ಪಾಲು ಹೇಗೆ ನಿಗದಿ ಮಾಡುತ್ತೀರಿ ಎನ್ನುವಲ್ಲಿ ಎಚ್ಚರ ಬೇಕು. ‘ನಿಮ್ಮ ಊರಿನ ನಿರಾಶ್ರಿತರು ಎಷ್ಟೋ ಅಷ್ಟು ಕೊಡಿ’ ಎಂದರೆ ಮರುದಿನದಿಂದಲೇ ಎಣಿಕೆಯಲ್ಲಿ ಜನ ಕಡಿಮೆಯಾಗುತ್ತಾರೆ. ಕೆಲವರು ಪಕ್ಕದ ಊರಿನ ಬಸ್ಸು ಹತ್ತಿಸಿಯೂ ಬಿಟ್ಟಾರು! ಒಟ್ಟು ಜನಸಂಖ್ಯೆಯ ಮೇಲೆ ಪಾಲು ಹಾಕಿದರೆ ಯಾರಿಗೂ ಲೆಕ್ಕ ಬಚ್ಚಿಡುವ ಕಾರಣವಿರುವುದಿಲ್ಲ. ಕಂತು ಯಾವ ತಿಂಗಳು ಕಟ್ಟಬೇಕು, ತಪ್ಪಿದರೆ ಏನು, ಒಬ್ಬರು ಹಿಂದೆ ಸರಿದರೆ ಅಲ್ಲಿರುವ ಸಿಬ್ಬಂದಿಯ ಸಂಬಳ ಯಾರು ಕೊಡಬೇಕು ಎಂಬುದೆಲ್ಲ ಒಡಂಬಡಿಕೆಯಲ್ಲೇ ಇರಲಿ. ಊರ ಚೀಟಿ ವ್ಯವಹಾರದಲ್ಲಿ ಮೊದಲು ಎತ್ತಿಕೊಂಡವರು ಆಮೇಲೆ ಕಂತು ನಿಲ್ಲಿಸಿದರೆ ಏನಾಗುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ನಾವಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದ ರೆಡ್‌ಮಂಡ್‌ನಲ್ಲಿ. 2021ರಲ್ಲಿ ಕೌಂಟಿಯವರು (ಇಲ್ಲಿನ ಜಿಲ್ಲಾಡಳಿತ ಎನ್ನಿ) ನಮ್ಮೂರಿನ ಹೋಟೆಲೊಂದನ್ನು ಕೊಂಡು ನಿರಾಶ್ರಿತರ ವಸತಿಗೆ ಕೊಟ್ಟಾಗಿನಿಂದ ನಮ್ಮ ಕನ್ನಡ ಬಳಗದ ವಾಟ್ಸ್ಆ್ಯಪ್ ಗುಂಪಿನಲ್ಲಿ ಈ ಜಗಳ ಮುಗಿದಿಲ್ಲ. ಸಿಯಾಟಲ್ ಸಮಸ್ಯೆಗೆ ನಾವು ಯಾಕೆ ದುಡ್ಡು ಸುರಿಯಬೇಕು? — ಓದುಗರು, ರೆಡ್‌ಮಂಡ್

ಆ ಹೋಟೆಲ್ ಖರೀದಿಯ ಹಿಂದಿರುವುದು ಶೇ 0.1ರ ಮಾರಾಟ ತೆರಿಗೆ. ನೂರು ಡಾಲರ್ ಸಾಮಾನಿಗೆ ಹತ್ತು ಸೆಂಟು. ಸಿಯಾಟಲ್, ರೆಡ್‌ಮಂಡ್ ಎರಡೂ ಸೇರಿರುವ ಕಿಂಗ್ ಕೌಂಟಿ ಈ ಹಣದಲ್ಲಿ ಹಳೆಯ ಹೋಟೆಲ್‌ಗಳನ್ನು ಕೊಂಡು ಕೋಣೆಗಳನ್ನು ಮನೆಗಳಾಗಿ ಮಾಡುತ್ತಿದೆ. ಸ್ವಾರಸ್ಯ ಏನೆಂದರೆ, ಈ ತೆರಿಗೆಯನ್ನು ನಗರಗಳೂ ಹಾಕಬಹುದು ಎಂದು ರಾಜ್ಯದ ಕಾನೂನಿನಲ್ಲಿತ್ತು. 2020ರಲ್ಲಿ ಕೌಂಟಿ ಹಾಕುವ ಮೊದಲೇ ಬೆಲ್‌ವ್ಯೂ, ಇಸಾಕ್ವಾ, ರೆಂಟನ್, ಕೆಂಟ್ ನಗರಗಳು ತಾವೇ ಹಾಕಿಕೊಂಡು, ಆ ಹಣ ಕೌಂಟಿಯ ಗಂಟಿಗೆ ಹೋಗದಂತೆ ನೋಡಿಕೊಂಡವು. ನಮ್ಮ ದುಡ್ಡು ನಮ್ಮೂರಲ್ಲೇ ಇರಲಿ ಎಂಬ ಆಸೆ ನಿಮ್ಮ ಗುಂಪಿನದಷ್ಟೇ ಅಲ್ಲ ಎಂದಾಯಿತು.

ಇದಕ್ಕೆ ವಿರುದ್ಧದ ಉದಾಹರಣೆಯೂ ಅಲ್ಲೇ ಇದೆ. ಶೋರ್‌ಲೈನ್, ಬಾಥೆಲ್, ಕೆನ್‌ಮೋರ್, ಲೇಕ್ ಫಾರೆಸ್ಟ್ ಪಾರ್ಕ್, ವುಡಿನ್‌ವಿಲ್ ಎಂಬ ಐದು ಉತ್ತರದ ನಗರಗಳು ತಮ್ಮ ಹಣವನ್ನು ಒಟ್ಟುಗೂಡಿಸಿ, ಸಿಯಾಟಲ್ ಮತ್ತು ಕೌಂಟಿ ಸೇರಿ ನಿರಾಶ್ರಿತರಿಗಾಗಿ ಕಟ್ಟಿದ ಪ್ರಾದೇಶಿಕ ಪ್ರಾಧಿಕಾರದ ಮೂಲಕ ಖರ್ಚು ಮಾಡಲು ಒಪ್ಪಿದವು. ನಿಮ್ಮ ಪೂರ್ವ ಭಾಗದ ನಗರಗಳಂತೂ 1992ರಿಂದಲೇ ‘ಆರ್ಚ್’ ಎಂಬ ಒಕ್ಕೂಟ ಕಟ್ಟಿಕೊಂಡು, ಕಡಿಮೆ ಬಾಡಿಗೆಯ ಮನೆಗಳಿಗೆ ಒಂದೇ ನಿಧಿಯಿಂದ ಹಣ ಕೊಡುತ್ತಿವೆ. ಅಂದರೆ ನೀವು ಬೇಡವೆನ್ನುವ ಪದ್ಧತಿ ನಿಮ್ಮೂರಲ್ಲಿ ಮೂವತ್ತು ವರ್ಷಕ್ಕೂ ಹಳೆಯದು.

‘ಸಿಯಾಟಲ್ ಸಮಸ್ಯೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮನೆ ಬಾಡಿಗೆ ಏರುವುದು ಇಡೀ ಪ್ರದೇಶದಲ್ಲಿ. ದೊಡ್ಡ ಕಂಪನಿಗಳ ಸಂಬಳ ಬಾಡಿಗೆಯನ್ನು ಎಳೆದುಕೊಂಡು ಹೋದದ್ದು ರೆಡ್‌ಮಂಡ್‌ನಲ್ಲೂ ನಡೆದದ್ದೇ. ಅಲ್ಲಿ ಮನೆ ಕಳೆದುಕೊಂಡವರು ಊಟ, ಆಸ್ಪತ್ರೆ, ಹಾಸಿಗೆ ಸಿಗುವ ಕಡೆ ನಡೆದರು. ಅದು ಸಿಯಾಟಲ್ ಆಗಿತ್ತು, ಅಷ್ಟೆ.

ಹಾಗೆಂದು ಹಣ ಕೂಡಿಸಿದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಸಿಯಾಟಲ್ ನಗರ ಮತ್ತು ಕಿಂಗ್ ಕೌಂಟಿ 2019ರ ಡಿಸೆಂಬರ್‌ನಲ್ಲಿ ಒಪ್ಪಂದ ಮಾಡಿಕೊಂಡು ಹುಟ್ಟುಹಾಕಿದ ಪ್ರಾದೇಶಿಕ ಪ್ರಾಧಿಕಾರ ಸಾಕಷ್ಟು ಏಟು ತಿಂದಿತು. ಸೇವೆ ಕೊಡುವ ಸಂಸ್ಥೆಗಳಿಗೆ ಪಾವತಿ ತಡವಾಯಿತು. ಐದು ವರ್ಷದ ಕರಡು ಯೋಜನೆಗೆ ಸಾವಿರ ಕೋಟಿ ಡಾಲರ್‌ಗೂ ಮೀರಿದ ಬೆಲೆ ಹಾಕಿ ನಗೆಪಾಟಲಾಯಿತು. ಮೊದಲ ಮುಖ್ಯಸ್ಥರು 2023ರಲ್ಲಿ ಹುದ್ದೆ ಬಿಟ್ಟರು. ದುಡ್ಡು ಕೊಡುವವರು ಇಬ್ಬರು, ತೀರ್ಮಾನಕ್ಕೆ ಎರಡು ಮಂಡಳಿ, ತೆರಿಗೆ ಹಾಕುವ ಅಧಿಕಾರವಂತೂ ಪ್ರಾಧಿಕಾರಕ್ಕೆ ಇಲ್ಲವೇ ಇಲ್ಲ. ಹೀಗಿದ್ದರೆ ಬೈಗುಳವೆಲ್ಲ ಒಂದು ಕಡೆ, ಬೀಗದ ಕೈ ಇನ್ನೊಂದು ಕಡೆ. 2024ರಲ್ಲಿ ಎರಡು ಮಂಡಳಿ ತೆಗೆದು ಒಂದೇ ಮಾಡಿದ್ದಾರೆ. ಆ ವರ್ಷದ ಎಣಿಕೆಯಲ್ಲಿ ಕೌಂಟಿಯಲ್ಲಿ ಮನೆಯಿಲ್ಲದವರು 16,000ಕ್ಕೂ ಹೆಚ್ಚು. ಗುಂಪಿನಲ್ಲಿ ಜಗಳ ಆಡುವುದಾದರೆ ‘ಯಾಕೆ ಕೊಡಬೇಕು’ ಎಂಬುದನ್ನು ಬಿಟ್ಟು ‘ಕೊಟ್ಟದ್ದಕ್ಕೆ ಉತ್ತರ ಹೇಳುವವರು ಯಾರು’ ಎಂದು ಆಡಿ. ನಗರಸಭೆಯ ಸಭೆಗೂ ಅದನ್ನೇ ಒಯ್ಯಿರಿ.

ಪ್ರಶ್ನೆ: ಫಿನ್ಲೆಂಡ್‌ನಲ್ಲಿ ಯಾವ ಷರತ್ತೂ ಇಲ್ಲದೆ ಮನೆ ಕೊಡುತ್ತಾರಂತೆ, ನಿಜವೇ? — ಸಮಾಜಕಾರ್ಯ ವಿದ್ಯಾರ್ಥಿನಿ, ಮೈಸೂರು

ಕುಡಿತ ಬಿಟ್ಟು ಬಾ, ಕೆಲಸ ಹಿಡಿದು ಬಾ ಎಂಬ ಷರತ್ತಿಲ್ಲ ಎನ್ನುವುದು ನಿಜ. ಬಾಡಿಗೆ ಕರಾರು ಇರುತ್ತದೆ, ಬಾಡಿಗೆ ಕಟ್ಟಲೇಬೇಕು. ಆದಾಯ ಸಾಲದವರಿಗೆ ಸರ್ಕಾರದ ವಸತಿ ಭತ್ಯೆ ಇದೆ. ನಿಮ್ಮ ಓದಿಗೆ ಉಪಯೋಗವಾಗುವ ಸಂಗತಿ ಎಂದರೆ ಅಲ್ಲಿನ ಹಣದ ಏರ್ಪಾಡು. ಹೆಲ್ಸಿಂಕಿ, ಎಸ್ಪೂ, ವಾಂಟಾ, ತಾಂಪೆರೆ, ತುರ್ಕು ನಗರಗಳು ಚರ್ಚ್, ರೆಡ್ ಕ್ರಾಸ್ ಮುಂತಾದವುಗಳ ಜೊತೆ ಸೇರಿ 1985ರಲ್ಲೇ ವೈ-ಫೌಂಡೇಶನ್ ಕಟ್ಟಿದವು. ಅದು ಬಿಡಿ ಫ್ಲ್ಯಾಟುಗಳನ್ನು ಕೊಂಡು ಬಾಡಿಗೆಗೆ ಕೊಡುತ್ತ ಬಂತು. 2008ರಿಂದ ಸರ್ಕಾರ ಮತ್ತು ದೊಡ್ಡ ನಗರಗಳು ಲಿಖಿತ ಒಪ್ಪಂದ ಮಾಡಿಕೊಂಡು, ನೆರವು ನೀಡುವ ಸಿಬ್ಬಂದಿಯ ಖರ್ಚನ್ನು ಅರ್ಧರ್ಧ ಹಂಚಿಕೊಂಡವು. ಹೆಲ್ಸಿಂಕಿಯಲ್ಲಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಯ ದೊಡ್ಡ ತಂಗುದಾಣವೊಂದನ್ನೇ ಒಡೆದು ಎಂಬತ್ತರಷ್ಟು ಪುಟ್ಟ ಮನೆ ಮಾಡಿದರು. ಎಂಬತ್ತರ ದಶಕದ ಕೊನೆಗೆ 18,000 ದಾಟಿದ್ದ ಮನೆಯಿಲ್ಲದವರ ಸಂಖ್ಯೆ 2023ರ ಹೊತ್ತಿಗೆ 3,500ರ ಒಳಗೆ ಬಂತು. 2024ರಲ್ಲಿ ಮತ್ತೆ 3,800ರ ಆಸುಪಾಸಿಗೆ ಏರಿದೆ. ವಸತಿ ಭತ್ಯೆಯನ್ನು ಅಲ್ಲಿನ ಸರ್ಕಾರ ಕಡಿತ ಮಾಡಿದ ಕಾಲವೂ ಅದೇ.

ಪ್ರಶ್ನೆ: ನಮ್ಮ ನಗರಸಭೆ ಭಿಕ್ಷುಕರ ಸೆಸ್ ಎಷ್ಟು ವಸೂಲಿ ಮಾಡಿ ಎಷ್ಟು ವರ್ಗಾಯಿಸಿದೆ ಎಂದು ತಿಳಿಯುವುದು ಹೇಗೆ? — ಓದುಗರು, ಮಂಡ್ಯ

ಮಾಹಿತಿ ಹಕ್ಕಿನಲ್ಲಿ ಎರಡು ಅರ್ಜಿ ಹಾಕಿ. ಒಂದು ನಿಮ್ಮ ನಗರಸಭೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ: ಕಳೆದ ಮೂರು ಹಣಕಾಸು ವರ್ಷಗಳಲ್ಲಿ ವಸೂಲಾದ ಸೆಸ್, ವರ್ಗಾಯಿಸಿದ ಮೊತ್ತ, ದಿನಾಂಕ, ಉಳಿದ ಬಾಕಿ. ಇನ್ನೊಂದು ಕೇಂದ್ರ ಪರಿಹಾರ ಸಮಿತಿಗೆ: ನಿಮ್ಮ ನಗರಸಭೆಯಿಂದ ಅದೇ ವರ್ಷಗಳಲ್ಲಿ ಬಂದ ಹಣ ಎಷ್ಟು. ಎರಡು ಉತ್ತರ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಾನೇ ಕಾಣುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದದೊಳಗೆ ಇರಬೇಕು. ಪೀಠಿಕೆ, ಆಕ್ಷೇಪ, ದೇಶದ ದುಃಸ್ಥಿತಿ ಎಲ್ಲ ಬರೆದು ಪದ ಮುಗಿಸಬೇಡಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ.